ಪ್ರಸಾದವಿಲ್ಲದ ಉಪವಾಸ

ಪೂಜೆಯ ದಿನ ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ಒಂದು ಹನಿ ನೀರು ಎಲ್ಲಿ ಗಂಟಲಿಗೆ ಇಳಿದುಬಿಡುತ್ತದೋ ಎಂದು ನಮ್ಮ ಅವ್ವ ಹೆದರುತ್ತಿದ್ದಳು. ಆಗ ಚರ್ಚಿನ ನಿಯಮ ಹಾಗಿತ್ತು. ಸತ್ಪ್ರಸಾದ ತೆಗೆದುಕೊಳ್ಳುವವರು ಹಿಂದಿನ ನಡುರಾತ್ರಿಯಿಂದ ಅನ್ನ, ನೀರು ಏನನ್ನೂ ಮುಟ್ಟಬಾರದು. ಕಮಲಾಪುರದಿಂದ ಕಲಬುರಗಿಯವರೆಗೆ ಚಕ್ಕಡಿಯಲ್ಲಿ, ಕೆಂಪು ಬಾಳೆಯ ಗೊನೆಗಳ ನಡುವೆ ಕುಳಿತು ಬರುವ ಹೆಂಗಸು ಒಂದೇ ಒಂದು ಹಣ್ಣು ಸುಲಿಯದೆ, ಒಣಗಿದ ತುಟಿಯಲ್ಲಿ ಜಪ ಮಾಡುತ್ತ, ಸ್ಟೇಶನ್ ಬಜಾರದ ಹಿಂದಿದ್ದ ನಮ್ಮ ಸಣ್ಣ ಚರ್ಚಿಗೆ ಬಂದು ಮೊಣಕಾಲೂರುತ್ತಿದ್ದಳು. ಇದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ, ನಮ್ಮ ಮಂದಿಯೆಲ್ಲ ಹಾಗೇ ಬರುತ್ತಿದ್ದರು. ಆದರೆ ನಿನಗೆ ಪ್ರಸಾದವಿಲ್ಲ ಎಂದು ಚರ್ಚಿನ ಪಾದ್ರಿ ಸ್ವಾಮಿಗಳು ಹೇಳಿದ ಮೇಲೂ ಅವ್ವ ಆ ಉಪವಾಸ ಬಿಡಲಿಲ್ಲ. ಸಿಗದ ಊಟಕ್ಕೆ ವರ್ಷಗಟ್ಟಲೆ ಕೈ ತೊಳೆದುಕೊಂಡು ಕುಳಿತವಳು ಆಕೆ.

ನನಗೀಗ ವಯಸ್ಸಾಗಿದೆ. ಸತ್ತವರ ಮಾತು ಯಾಕೆ, ಸ್ವಾಮಿಗಳ ಮಾತಂತೂ ಬೇಡವೇ ಬೇಡ ಎಂದು ಮನೆಯವರು ಬುದ್ಧಿ ಹೇಳುತ್ತಾರೆ. ನಾನು ಚರ್ಚು ಬಿಟ್ಟವಳಲ್ಲ. ಇಂದಿಗೂ ಭಾನುವಾರ ತಪ್ಪಿಸುವುದಿಲ್ಲ. ಬಿಟ್ಟುಹೋದವರಿಗೆ ಬೈಯುವ ಹಕ್ಕಿಲ್ಲ ಎನ್ನುತ್ತಾರೆ, ಒಳಗಿದ್ದವರು ಬೈಯಬಾರದು ಎನ್ನುತ್ತಾರೆ. ಹಾಗಾದರೆ ಬೈಯುವವರು ಯಾರು? ನಾನಂತೂ ಬೈಯುತ್ತೇನೆ.

ನನ್ನನ್ನು ಹುಟ್ಟಿಸಿದವನು ಬೇರೆ, ನನ್ನ ಅಪ್ಪ ಬೇರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಅವ್ವನಿಗೆ ಸಣ್ಣ ವಯಸ್ಸಿನಲ್ಲೇ ಚರ್ಚಿನಲ್ಲಿ ಮದುವೆಯಾಗಿತ್ತು. ಗಂಡ ಸೊಲ್ಲಾಪುರದ ಗಿರಣಿಯಲ್ಲಿ ಕೆಲಸವೆಂದು ಹೋದವನು ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ. ನಾನಾಗ ತೊಟ್ಟಿಲಲ್ಲಿದ್ದೆ. ಅವ್ವನ ಅಣ್ಣ ಹುಡುಕಿಕೊಂಡು ಹೋದಾಗ ಆತ ಬಾಗಿಲಲ್ಲೇ ನಿಂತು, 'ಆಕಿ ಯಾರೋ ನನಗ ಗೊತ್ತಿಲ್ಲ' ಎಂದನಂತೆ. ನಾಲ್ಕು ಮಾತಿನಲ್ಲಿ ಮುಗಿಸಿದ. ಹೆಂಡತಿಯನ್ನು ಅಲ್ಲಗಳೆಯುವುದು ಗಂಡಸಿಗೆ ಅಷ್ಟು ಸಲೀಸು.

ನಮ್ಮ ಅಜ್ಜಂದಿರ ಕಾಲಕ್ಕೆ ಊರ ಹೊರಗಿನ ಕೇರಿಯಿಂದ ಚರ್ಚಿಗೆ ಬಂದ ಮಂದಿ ನಾವು. ಜ್ಞಾನಸ್ನಾನವಾಯಿತು, ಹೆಸರು ಬದಲಾದವು, ಆದರೆ ಕೇರಿಯ ರೂಢಿ ಎಲ್ಲವೂ ಹೋಗಲಿಲ್ಲ. ಗಂಡ ಬಿಟ್ಟವಳಿಗೆ, ಗಂಡ ಸತ್ತವಳಿಗೆ ಪಂಚರು ಕೂತು ಬಿಡುಗಡೆ ಕೊಟ್ಟು, ಹೊಸ ಸೀರೆ ಉಡಿಸಿ, ಇನ್ನೊಬ್ಬನ ಕೈಗೆ ಒಪ್ಪಿಸುವ ರೂಢಿಯಿತ್ತು. ಅದಕ್ಕೆ ಉಡಿಕೆ ಎನ್ನುತ್ತಾರೆ. ಬಾಜಾ ಇಲ್ಲ, ಅರಿಷಿಣವಿಲ್ಲ, ಸಂಜೆ ಹೊತ್ತಿನಲ್ಲಿ ನಾಲ್ಕು ಮಂದಿಯೆದುರು ಮುಗಿಯುವ ಕೆಲಸ. ಬದುಕಬೇಕಲ್ಲ, ಅದಕ್ಕೆ ಮಾಡಿಕೊಂಡ ದಾರಿ.

ಕಲಬುರಗಿಯಲ್ಲಿ ಪ್ಲೇಗು ಬಿದ್ದ ವರ್ಷ ಜನ ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಜೋಪಡಿ ಕಟ್ಟಿಕೊಂಡರು. ಆಗಿನ ಸ್ವಾಮಿಗಳು ಸಮುದ್ರದಾಚೆಯ ದೇಶದವರು, ಉದ್ದ ಗಡ್ಡದ ಮುದುಕರು. ಅವರ ಪಾಲಿಗೆ ಹತ್ತಾರು ಊರುಗಳಿದ್ದವು. ಬೇನೆಯ ಗಲಾಟೆಯಲ್ಲಿ ಬರುವುದು ಆಗಲಿಕ್ಕಿಲ್ಲವೆಂದು ಉಪದೇಶಿಯನ್ನು ಕರೆದು, ನಾನು ಬರುವತನಕ ಮಂದಿಗೆ ಏನು ಬೇಕೋ ಅದನ್ನು ಮಾಡು ಎಂದು ಹೇಳಿ ಹೋದರು. ಉಪದೇಶಿ ಎಂದರೆ ಸ್ವಾಮಿಗಳಿಲ್ಲದಾಗ ಜಪ ಹೇಳಿಸುವ, ಮಕ್ಕಳಿಗೆ ಧರ್ಮ ಕಲಿಸುವ, ನಮ್ಮಲ್ಲೇ ನಾಲ್ಕಕ್ಷರ ಬಲ್ಲವನು. ಆತ ಸಾಯುವವರಿಗೆ ಜಪ ಹೇಳಿದ, ಸತ್ತವರನ್ನು ಮಣ್ಣು ಮಾಡಿದ, ಹುಟ್ಟಿದ ಕೂಸುಗಳ ತಲೆಗೆ ನೀರು ಹಾಕಿದ. ಅದೇ ಜೋಪಡಿಗಳ ನಡುವೆ ಅವ್ವನ ಉಡಿಕೆಯೂ ಆಯಿತು. ಗಂಡು ಕಮಲಾಪುರದವನು, ನಮ್ಮವನೇ, ಹೆಂಡತಿಯನ್ನು ಪ್ಲೇಗಿಗೆ ಕೊಟ್ಟವನು. ಅಲ್ಲಿನ ಗೌಡರ ಬಾಳೆತೋಟವನ್ನು ಪಾಲಿಗೆ ಮಾಡುತ್ತಿದ್ದ. ಪಂಚರು ಸೀರೆ ಕೊಟ್ಟರು. ಉಪದೇಶಿ ಶಿಲುಬೆ ಹಿಡಿದು ಜಪ ಹೇಳಿ, ಇಬ್ಬರ ಮೇಲೂ ತೀರ್ಥ ಚಿಮುಕಿಸಿದ. ಹೆಣಕ್ಕೂ ಕೂಸಿಗೂ ನಡೆದ ಜಪ ಮದುವೆಗೂ ನಡೆಯುತ್ತದೆ ಎಂದು ಎಲ್ಲರೂ ನಂಬಿದರು. ಉಪದೇಶಿಯೂ ನಂಬಿದ್ದ. ನಮ್ಮಂಥವರು ಮಾತ್ರ ಮಾಡಬಹುದಾದ ತಪ್ಪು ಅದು.

ಮುದುಕ ಸ್ವಾಮಿಗಳು ಮರಳಿ ಬಂದಾಗ ವಿಷಯ ತಿಳಿಯಿತು. ಅವ್ವ ಆಮೇಲೆ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಅವರು ಗಡ್ಡ ನೀವಿಕೊಂಡು ಅವ್ವನನ್ನು ಹತ್ತಿರ ಕರೆದರಂತೆ.

'ಇಂವ ನಿನಗ ಬಡೀತಾನೇನು?' ಎಂದು ಕೇಳಿದರಂತೆ. ನಮ್ಮ ಮಾತನ್ನು ನಮ್ಮ ಹಾಗೆಯೇ ಆಡುತ್ತಿದ್ದರು ಅವರು.

'ಇಲ್ರಿ ಸ್ವಾಮಿ.'

'ಕುಡೀತಾನ?'

'ಇಲ್ರಿ.'

'ಕೂಸಿಗೆ ನೋಡ್ಕೋತಾನ?'

'ಹೆಗಲ ಮ್ಯಾಗಿಂದ ಇಳಿಸೂದೇ ಇಲ್ರಿ.'

'ಪೂಜಿಗೆ ಬರ್ರಿ' ಎಂದು ಎದ್ದು ಹೋದರಂತೆ. ಅಷ್ಟೇ. ಅಂದಿನಿಂದ ಅವರು ಇರುವವರೆಗೂ ಅವ್ವನಿಗೂ ಅಪ್ಪನಿಗೂ ಪ್ರಸಾದ ಕೊಟ್ಟರು. ಅದು ನಿಯಮಕ್ಕೆ ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಆ ಮುದುಕರ ಕಣ್ಣಿಗೆ ಮೊದಲು ಮನುಷ್ಯರು ಕಾಣುತ್ತಿದ್ದರು, ಅದು ಗೊತ್ತು.

ನಿಜಾಮರ ಸರ್ಕಾರದ ಕಚೇರಿಯಲ್ಲೂ ಅವರಿಬ್ಬರು ಗಂಡಹೆಂಡತಿಯೇ. ತೋಟದ ಗೌಡರು ಶಿವಭಕ್ತರು, ಲಿಂಗ ಕಟ್ಟಿದವರು. ಅವರ ಮನೆಯ ಹೆಂಗಸರು ಅವ್ವನನ್ನು ಹೊರಗೇ ನಿಲ್ಲಿಸಿ ಮಾತಾಡಿಸುತ್ತಿದ್ದರು, ಅದಿರಲಿ. ಆದರೆ 'ನಿನ್ನ ಗಂಡಗ ಹೇಳವಾ, ಬಾವಿಗೆ ಮೋಟ ಹೂಡಿ ನೀರ ಬಿಡು ಅಂತ' ಎಂದೇ ಹೇಳುತ್ತಿದ್ದರು. ಊರೂ, ಸರ್ಕಾರವೂ, ನಮ್ಮನ್ನು ಮುಟ್ಟಿಸಿಕೊಳ್ಳದ ಜಾತಿಯವರೂ ಒಪ್ಪಿದ್ದ ಸಂಸಾರ ಅದು.

ನನಗೆ ಬುದ್ಧಿ ಬರುವ ಹೊತ್ತಿಗೆ ಮುದುಕ ಸ್ವಾಮಿಗಳು ತಮ್ಮ ದೇಶಕ್ಕೆ ಹೊರಟುಹೋದರು. ಹೊಸಬರು ಬಂದರು. ವಯಸ್ಸು ಕಡಿಮೆ, ಗಡ್ಡ ಇನ್ನೂ ಕಪ್ಪು. ತೆಲುಗು ಅಷ್ಟಿಷ್ಟು ಬರುತ್ತಿತ್ತು, ನಮ್ಮ ಮಾತು ಬರುತ್ತಿರಲಿಲ್ಲ. ಅವರು ಹೇಳಿದ್ದನ್ನು ನಮಗೆ, ನಾವು ಹೇಳಿದ್ದನ್ನು ಅವರಿಗೆ ದಾಟಿಸುವವನು ಉಪದೇಶಿ. ಹೀಗೆ ನಮ್ಮೆಲ್ಲರ ನಾಲಿಗೆ ಆತನ ಬಾಯಲ್ಲಿ ಸೇರಿಕೊಂಡಿತು.

ಚರ್ಚಿನ ಮುಂದಿನ ಬೆಂಚು ಗಾರ್ಡ್ ಸಾಹೇಬರದು. ಮದ್ರಾಸಿನ ಕಡೆಯವರು, ರೈಲ್ವೆಯಲ್ಲಿ ಗಾರ್ಡ್. ಹೆಂಡತಿ ಮಕ್ಕಳು ಊರಲ್ಲಿ. ಇಲ್ಲಿ ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿ ಒಬ್ಬಳನ್ನು ಇಟ್ಟುಕೊಂಡಿದ್ದರು. ಇದು ಹಮಾಲರಿಂದ ಹಿಡಿದು ಚಹಾದಂಗಡಿಯವರೆಗೆ ಎಲ್ಲರಿಗೂ ಗೊತ್ತು. ಪೂಜೆಗೆ ಮುಂಚೆ ಅವರು ಪಾಪನಿವೇದನೆಗೆ ಮೊಣಕಾಲೂರಿ, ಸ್ವಾಮಿಗಳ ಕಿವಿಯಲ್ಲಿ ಪಾಪ ಹೇಳಿ ಕ್ಷಮೆ ಪಡೆಯುತ್ತಿದ್ದರು, ಎದ್ದು ಬಂದು ಪ್ರಸಾದ ತೆಗೆದುಕೊಳ್ಳುತ್ತಿದ್ದರು, ಸಂಜೆ ಮತ್ತೆ ಆ ಓಣಿಗೆ ಹೋಗುತ್ತಿದ್ದರು. ಅವರ ಪಾಪ ಅಂಗಿಯ ಹಾಗೆ, ವಾರಕ್ಕೊಮ್ಮೆ ಒಗೆದರೆ ಮುಗಿಯಿತು.

ಆ ಓಣಿಯವಳು ಅವ್ವನ ಹತ್ತಿರ ಬಾಳೆಹಣ್ಣು ಕೊಳ್ಳುತ್ತಿದ್ದಳು. ಬಡಪಾಯಿ, ಯಾರ ಗೋಜಿಗೂ ಹೋದವಳಲ್ಲ. ಆಕೆಗೊಂದು ಗಂಡುಕೂಸು ಹುಟ್ಟಿತು. ಕೂಸಿಗೆ ವರ್ಷ ತುಂಬಿದರೂ ಜ್ಞಾನಸ್ನಾನವಾಗಿರಲಿಲ್ಲ. ಅವ್ವನಿಗೆ ಅದೇ ಚಿಂತೆ. ಜ್ಞಾನಸ್ನಾನವಿಲ್ಲದೆ ಕೂಸಿಗೆ ಹೆಚ್ಚುಕಡಿಮೆ ಆದರೆ ಅದರ ಆತ್ಮದ ಗತಿಯೇನು? ಹಾಗೆಂದು ಕಲಿಸಿದವರೂ ಸ್ವಾಮಿಗಳೇ. ಒಂದು ಭಾನುವಾರ ಪೂಜೆ ಮುಗಿದು ಎಲ್ಲರೂ ಪಡಸಾಲೆಯಲ್ಲಿ ನಿಂತಿದ್ದಾಗ ಅವ್ವ ಗಾರ್ಡ್ ಸಾಹೇಬರ ಎದುರು ಹೋಗಿ, ಸೆರಗು ಸರಿಮಾಡಿಕೊಂಡು ಕೇಳಿಯೇಬಿಟ್ಟಳು.

'ಸಾಹೇಬ್ರ, ಕೂಸಿಗೆ ವರ್ಷ ತುಂಬ್ತಲ್ಲರಿ. ಜ್ಞಾನಸ್ನಾನ ಯಾವಾಗ ಮಾಡಸ್ತೀರಿ?'

ಚುಚ್ಚಬೇಕೆಂದು ಕೇಳಿದ್ದಲ್ಲ. ದೇವರಾಣೆಗೂ ಅಲ್ಲ. ನಮ್ಮ ಕೇರಿಯಲ್ಲಿ ಕೂಸಿನ ಕ್ಷೇಮ ಯಾರು ಯಾರಿಗೆ ಬೇಕಾದರೂ ಕೇಳುವ ಮಾತು. ಆದರೆ ಪಡಸಾಲೆಯ ಮಂದಿಗೆಲ್ಲ ಒಮ್ಮೆಲೇ ಕೆಮ್ಮು ಬಂತು. ಯಾರೋ ಕಿಸಕ್ಕೆಂದರು. ಸಾಹೇಬರ ಮುಖ ಕೆಂಪಾಗಿ ಕಪ್ಪಾಯಿತು. ಟೋಪಿ ಹಾಕಿಕೊಂಡು ಇಳಿದು ಹೋದರು. ಅವರ ಹಿಂದೆಯೇ ಉಪದೇಶಿಯೂ ಲಗುಬಗೆಯಿಂದ ಹೋದ. ಆತನ ಮಗನಿಗೆ ರೈಲ್ವೆಯಲ್ಲಿ ಕೆಲಸ ಹಚ್ಚಿಕೊಟ್ಟವರು ಈ ಸಾಹೇಬರೇ.

ಮುಂದಿನ ಸಲ ನಾವು ಚಕ್ಕಡಿಯಲ್ಲಿ ಬಂದಾಗ ಅವ್ವ ಎಂದಿನಂತೆ ಪ್ರಸಾದದ ಸಾಲಿನಲ್ಲಿ ಮೊಣಕಾಲೂರಿದಳು. ನಾನು ಪಕ್ಕದಲ್ಲಿದ್ದೆ. ಕಣ್ಣು ಮುಚ್ಚಿ, ಬಾಯಿ ತೆರೆದು, ನಾಲಿಗೆ ಚಾಚಿದಳು. ಸ್ವಾಮಿಗಳು ಆಕೆಯ ಮುಂದೆ ಬಂದರು, ನಿಂತರು, ನನ್ನ ಕಡೆ ಸರಿದರು. ನನ್ನ ಬಾಯಲ್ಲಿ ಪ್ರಸಾದ ಇಟ್ಟು ಮುಂದೆ ಹೋದರು. ಅವ್ವ ಇನ್ನೂ ಹಾಗೆಯೇ ಇದ್ದಳು, ಕಣ್ಣು ಮುಚ್ಚಿ, ನಾಲಿಗೆ ಚಾಚಿ. ಮರೆತರೇನೋ, ತಿರುಗಿ ಬರುತ್ತಾರೆ ಎಂದುಕೊಂಡಿದ್ದಳಂತೆ. ಕೊನೆಗೆ ನಾನೇ ಆಕೆಯ ಮೊಣಕೈ ಹಿಡಿದು ಎಬ್ಬಿಸಿದೆ.

ಪೂಜೆ ಮುಗಿದ ಮೇಲೆ ವಿಚಾರಣೆ. ಮೊದಲ ಗಂಡನ ಸಂಗತಿ ಹೊಸ ಸ್ವಾಮಿಗಳ ಕಿವಿಗೆ ಈಗಷ್ಟೇ ಮುಟ್ಟಿತ್ತು. ಮೊದಲ ಗಂಡ ಬದುಕಿದ್ದಾನೆ, ಆದ್ದರಿಂದ ಈ ಸಂಸಾರ ವ್ಯಭಿಚಾರ ಎಂದು ಸ್ವಾಮಿಗಳು ಹೇಳಿದರು. ವ್ಯಭಿಚಾರ ಎಂಬ ಮಾತನ್ನು ಉಪದೇಶಿ ಅಳುಕದೆ ನಮ್ಮ ಮಾತಿಗೆ ತಂದ. ಅವ್ವ ಆತನ ಮುಖವನ್ನೇ ನೋಡಿದಳು.

'ಅಣ್ಣಾ, ನೀನ ಅಲ್ಲೇನು ಜಪಾ ಹೇಳಿ ತೀರ್ಥ ಹಾಕ್ದಾಂವ?'

'ನಾ ಬರೇ ಜಪಾ ಹೇಳೀನವಾ. ಮದಿವಿ ನಾ ಮಾಡಿಲ್ಲ' ಎಂದು ಆತ ನೆಲ ನೋಡಿದ.

ಮುಂದೆ ತಿಂಗಳುಗಟ್ಟಲೆ ಪಡಸಾಲೆಯಲ್ಲಿ ಇದೇ ಮಾತು. ನಮ್ಮ ಮಂದಿಗೆ ಚರ್ಚಿನ ಒಳಗೆ ಬಾಯಿ ಇರಲಿಲ್ಲ, ಹೊರಗೆ ಬಂದರೆ ಒಬ್ಬೊಬ್ಬರೂ ದೊಡ್ಡ ಸ್ವಾಮಿಗಳೇ. ಗಿರಣಿಯ ಜಾಬರ್ ಒಬ್ಬನಿದ್ದ, ಕೈಕೆಳಗಿನ ಕೂಲಿಗಳನ್ನು ಆಳುವವನು. ಆತ ಬೀಡಿ ಹಚ್ಚಿ ಹೇಳುತ್ತಿದ್ದ, 'ಕಾಯ್ದೆ ಅಂದ್ರ ಕಾಯ್ದೆ. ಒಬ್ಬಾಕಿಗೆ ಬಿಟ್ರ ನಾಳಿ ಎಲ್ಲಾರೂ ಗಂಡನ್ನ ಬಿಟ್ಟು ಬರ್ತಾರ.'

ಅದಕ್ಕೆ ನಮ್ಮ ಕೇರಿಯ ಸೂಲಗಿತ್ತಿ ಮುದುಕಿ ಮೂಗು ಮುರಿಯುತ್ತಿದ್ದಳು. ಅರ್ಧ ಊರಿನ ಕೂಸುಗಳನ್ನು ಹಿಡಿದ ಕೈ, ಯಾರಿಗೂ ಅಂಜುತ್ತಿರಲಿಲ್ಲ. 'ಈಕಿ ಬಿಟ್ಟಾಳೇನೋ? ಅಂವ ಬಿಟ್ಟಾನ. ಬಿಟ್ಟಾಂವ ಸೊಲ್ಲಾಪುರದಾಗ ಆರಾಮ ಹಾನ. ಮುಂದಿನ ಬೆಂಚಿನಾಂವ ಇಲ್ಲೇ ಆರಾಮ ಹಾನ. ಕಾಯ್ದೆ ಈಕಿಗಷ್ಟೇ ಬಂತೇನು?'

'ಸಾಹೇಬ್ರು ಪಾಪನಿವೇದನಿ ಮಾಡ್ತಾರ ಆಯಿ.'

'ಹಂಗಾರ ಈಕಿನೂ ದಿನಾ ಹೋಗಿ ರೊಟ್ಟಿ ಬಡದದ್ದು ಪಾಪ ಅಂತ ಹೇಳ್ಲಿ?'

ಎಲ್ಲರೂ ನಗುತ್ತಿದ್ದರು. ನಗುವಿನಲ್ಲೇ ಮುಗಿದುಹೋಗುತ್ತಿತ್ತು. ಹಳೆಯ ಸ್ವಾಮಿಗಳು ಕೊಟ್ಟ ಪ್ರಸಾದ ಹೊಸ ಸ್ವಾಮಿಗಳಿಗೆ ಹೇಗೆ ಪಾಪವಾಯಿತು, ಇಬ್ಬರಲ್ಲಿ ಯಾರು ಸರಿ, ಇಬ್ಬರೂ ಒಂದೇ ದೇಶದಿಂದ ಒಂದೇ ಪುಸ್ತಕ ಹಿಡಿದು ಬಂದವರಲ್ಲವೇ ಎಂದು ಯಾರೋ ಕೇಳುತ್ತಿದ್ದರು. ಸ್ವಾಮಿಗಳು ಬಾಗಿಲಲ್ಲಿ ಕಾಣಿಸಿದರೆ ಸಾಕು, ಬೀಡಿ ಕಾಲಡಿಗೆ ಹೋಗಿ, ಎಲ್ಲರೂ ಕೈ ಜೋಡಿಸುತ್ತಿದ್ದರು. ನನಗೆ ಆ ಸ್ವಾಮಿಗಳ ಮೇಲೆ ಇದ್ದಷ್ಟೇ ಸಿಟ್ಟು ಈ ಪಡಸಾಲೆಯ ಶೂರರ ಮೇಲೂ ಇತ್ತು.

ಸ್ವಾಮಿಗಳು ಒಂದು ದಾರಿ ಹೇಳಿದರು. ಇಬ್ಬರೂ ಅಣ್ಣತಂಗಿಯ ಹಾಗೆ ಇರುವುದಾದರೆ ಪ್ರಸಾದ ಕೊಡಬಹುದು, ಒಂದೇ ಮಾಡಿನ ಕೆಳಗೆ ಮಾತ್ರ ಇರಬಾರದು. ಅಪ್ಪ ಒಪ್ಪಿಕೊಂಡ. ಕಮಲಾಪುರಕ್ಕೆ ಹೋದವನೇ ಕಂಬಳಿ ಸುತ್ತಿಕೊಂಡು ಬಾಳೆತೋಟದ ಗುಡಿಸಲಿಗೆ ನಡೆದ. ಮಳೆಗಾಲ ಪೂರಾ ಅಲ್ಲೇ ಮಲಗಿದ, ಹಾವು ಚೇಳುಗಳ ನಡುವೆ. ಅವ್ವ ಹೊತ್ತು ಹೊತ್ತಿಗೆ ರೊಟ್ಟಿ, ಪುಂಡಿಪಲ್ಯ ಕಟ್ಟಿ ನನ್ನ ಕೈಯಲ್ಲಿ ಕಳಿಸುತ್ತಿದ್ದಳು. ಆಮೇಲೆ ಪ್ರಸಾದ ಕೇಳಲು ಹೋದರೆ ಸ್ವಾಮಿಗಳು ಒಪ್ಪಲಿಲ್ಲ. ಒಲೆ ಒಂದೇ ಇದೆಯಂತಲ್ಲ, ಒಲೆ ಒಂದಾದರೆ ಸಂಸಾರವೂ ಒಂದೇ ಎಂದರು. ರೊಟ್ಟಿಯ ಸುದ್ದಿ ಅವರಿಗೆ ಮುಟ್ಟಿಸಿದವನು ಯಾರೆಂದು ಹೇಳಬೇಕಾಗಿಲ್ಲ.

ಅಂದು ಚಕ್ಕಡಿಯಲ್ಲಿ ಅಪ್ಪ ಮೊದಲ ಸಲ ಸಿಟ್ಟಿನಲ್ಲಿ ಮಾತಾಡಿದ್ದು ಕೇಳಿದೆ. 'ಹಸದಾಂವಗ ಉಣ್ಣಾಕ ಕೊಟ್ರೂ ಪಾಪ ಆಯ್ತಂದ್ರ, ಇನ್ನ ಯಾವ ಪುಣ್ಯಾ ಕಲಸ್ತಾರಿವ್ರು?' ಅವ್ವ ಆತನ ಬಾಯಿ ಮುಚ್ಚಿಸಿದಳು. ಸ್ವಾಮಿಗಳಿಗೆ ಅನ್ನಬಾರದು, ತಪ್ಪು ನಮ್ಮದೇ ಎಂದಳು. ಅಪ್ಪ ಕಂಬಳಿ ಹೊತ್ತು ಮನೆಗೆ ತಿರುಗಿ ಬಂದ. ಅವ್ವ ಉಪವಾಸ ಬಿಡಲಿಲ್ಲ. ತಿಂಗಳಿಗೊಮ್ಮೆ ಒಣಬಾಯಲ್ಲಿ ಬಂದು, ಬಾಗಿಲ ಹತ್ತಿರ ನೆಲದ ಮೇಲೆ ಕುಳಿತು, ಉಳಿದವರು ಪ್ರಸಾದ ತೆಗೆದುಕೊಳ್ಳುವುದನ್ನು ನೋಡುತ್ತಿದ್ದಳು. ಆಕೆ ಉಣ್ಣುವತನಕ ಅಪ್ಪನೂ ಉಣ್ಣುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು, ಇಬ್ಬರೂ ಒಂದೇ ಬಟ್ಟೆಯ ಮೇಲಿನ ರೊಟ್ಟಿ ಮುರಿಯುತ್ತಿದ್ದರು. ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡ ಪೂಜೆ ಅಲ್ಲಿ ನಡೆಯುತ್ತಿರಲಿಲ್ಲ.

ದೊಡ್ಡ ಸ್ವಾಮಿಗಳು, ಎಂದರೆ ಬಿಷಪ್ಪರು, ಒಂದು ಸಲ ಕಲಬುರಗಿಗೆ ಬಂದರು. ಮಂಟಪಕ್ಕೆ ಬಾಳೆಗಿಡ ಬೇಕೆಂದು ಉಪದೇಶಿ ಕಮಲಾಪುರಕ್ಕೆ ಬಂದ. ಯಾವ ಮುಖ ಹೊತ್ತು ಬಂದನೋ! ಅಪ್ಪ ಗೊನೆ ಸಮೇತ ಗಿಡಗಳನ್ನು ಕಡಿದು ಚಕ್ಕಡಿ ತುಂಬಿಸಿದ. ಅವು ಬಾಗಿಲಿಗೂ ಬಲಿಪೀಠದ ಎರಡು ಬದಿಗೂ ಸೇರಿದವು. ಅವನ್ನು ಬೆಳೆಸಿದವಳು ಮಾತ್ರ ಹೊಸ್ತಿಲ ಹತ್ತಿರ. ಈ ಸಲ ದೊಡ್ಡ ಸ್ವಾಮಿಗಳಿಗೇ ಹೇಳಿಬಿಡೋಣ ಎಂದು ಪಡಸಾಲೆಯಲ್ಲಿ ಮಾತಾಗಿತ್ತು. ಹತ್ತು ಗಂಡಸರು ಮೀಸೆ ತಿರುವಿದ್ದರು. ಆ ದಿನ ಬಂದಾಗ ಒಬ್ಬೊಬ್ಬರಾಗಿ ಮೊಣಕಾಲೂರಿ ಉಂಗುರಕ್ಕೆ ಮುತ್ತಿಟ್ಟು ಎದ್ದು ಹೋದರು. ಬಾಯಿ ಬಿಟ್ಟವಳು ಸೂಲಗಿತ್ತಿ ಮುದುಕಿಯೊಬ್ಬಳೇ. ಉಂಗುರದ ಕೈ ಬಿಡದೆ ಗಟ್ಟಿಯಾಗಿ ಹಿಡಿದುಕೊಂಡು ಕೇಳಿದಳು.

'ಸ್ವಾಮಿ, ಬಾಗಲ್ದಾಗ ಕುಂತಾಕಿಗೆ ಪ್ರಸಾದ ಕೊಡಸ್ರಿ. ಆಕಿದೇನು ತಪ್ಪಿಲ್ರಿ. ಗಂಡ ಬಿಟ್ಟಾನ, ಆಕಿ ಬದುಕ್ಯಾಳ, ಅಷ್ಟೇ.'

ದೊಡ್ಡ ಸ್ವಾಮಿಗಳು ಉಪದೇಶಿಯ ಕಡೆ ನೋಡಿದರು. ಆತ ತೆಲುಗಿನಲ್ಲಿ ನಮ್ಮ ಸ್ವಾಮಿಗಳಿಗೆ ಏನೋ ಹೇಳಿದ, ಅವರು ತಮ್ಮ ಮಾತಿನಲ್ಲಿ ದೊಡ್ಡವರಿಗೆ ಹೇಳಿದರು. ದೊಡ್ಡ ಸ್ವಾಮಿಗಳು ನಗುತ್ತ ಮುದುಕಿಯ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದರು. ತೆಲುಗು ಬಲ್ಲ ರೈಲ್ವೆ ಕೂಲಿಯೊಬ್ಬ ಆಮೇಲೆ ಹೇಳಿದ, ಈ ಅಜ್ಜಿಗೆ ಮೊಣಕಾಲು ನೋವು, ಆಶೀರ್ವಾದ ಕೇಳುತ್ತಿದ್ದಾಳೆ ಎಂದನಂತೆ ಉಪದೇಶಿ. ಮುದುಕಿ ಅದನ್ನು ಕೇಳಿ ಚರ್ಚಿನ ಅಂಗಳದಲ್ಲೇ ಥೂ ಎಂದು ಉಗುಳಿದಳು.

ವರ್ಷಗಳು ಹೋದವು. ನನ್ನ ಮದುವೆಯಾಯಿತು. ಸ್ಟೇಶನ್ ಬಜಾರದ ಹತ್ತಿರವೇ ಗಂಡನ ಮನೆ. ಅವ್ವನಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಸರ್ಕಾರಿ ದವಾಖಾನೆಯ ಹಕೀಮರು ಕೈಬಿಟ್ಟಾಗ ನಾನು ಕಮಲಾಪುರಕ್ಕೆ ಹೋಗಿ ಅಲ್ಲೇ ಉಳಿದೆ. ಆಕೆ ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ಆದರೆ ಬೆಳಿಗ್ಗೆ ಗಂಜಿ ಕುಡಿಸಲು ಹೋದರೆ, 'ಇವತ್ತ ಐತವಾರ ಏನು?' ಎಂದು ಕೇಳಿ, ಭಾನುವಾರದ ಉಪವಾಸವೆಂದು ತುಟಿ ಬಿಗಿಯುತ್ತಿದ್ದಳು. ಅದು ಅಪ್ಪನಿಗೆ ನೋಡಲಾಗಲಿಲ್ಲ. ಒಂದು ದಿನ ಹೇಳದೆ ಕೇಳದೆ ಕಲಬುರಗಿಗೆ ನಡೆದುಹೋದ. ಮರುದಿನ ಸ್ವಾಮಿಗಳನ್ನೂ ಉಪದೇಶಿಯನ್ನೂ ಟಾಂಗಾದಲ್ಲಿ ಕೂರಿಸಿಕೊಂಡು ಬಂದ. ಹಾದಿಯಲ್ಲೇ ಕರಾರು ಆಗಿತ್ತು. ಇಬ್ಬರು ಸಾಕ್ಷಿಗಳೆದುರು ಆಕೆ ಈತ ತನ್ನ ಗಂಡನಲ್ಲವೆಂದು ಹೇಳಬೇಕು. ಈತ ಮನೆಯಿಂದ ಹೊರಗೆ ಹೋಗಬೇಕು, ಆಕೆ ಇರುವತನಕ ಒಳಗೆ ಕಾಲಿಡಬಾರದು. ಅಪ್ಪ ಒಪ್ಪಿಕೊಂಡೇ ಕರೆತಂದಿದ್ದ.

ಒಳಗೆ ಬಂದು ಅವ್ವನ ಹಾಸಿಗೆಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು ಹೇಳಿದ. 'ಅಲ್ಲ ಅಂತ ಅಂದುಬಿಡು. ಬಾಯಿ ಮಾತು, ಏನಾಗ್ತದ? ನಾ ಎಲ್ಲಿ ಹೋಗ್ತೇನಿ? ಇಲ್ಲೇ ಬಾಗಲ್ದಾಗ ಕುಂತಿರ್ತೇನಿ.' ಆಕೆ ತಲೆ ಅಲ್ಲಾಡಿಸಿದಳು. ಆತ ಅದೇ ಮಾತನ್ನು ಮತ್ತೆ ಹೇಳಿದ. ಕೂಸಿಗೆ ಔಷಧ ಕುಡಿಸುವವರ ಹಾಗೆ ರಮಿಸಿದ. ಆಮೇಲೆ ಎದ್ದು ಹೊರಗೆ ಹೋಗಿ, ಬಿಸಿಲಲ್ಲೇ ಗೋಡೆಗೆ ಒರಗಿ ಕುಳಿತ.

ಸಾಕ್ಷಿಗೆ ಉಪದೇಶಿ ಒಬ್ಬ, ಟಾಂಗಾ ಹೊಡೆಯುವವನು ಇನ್ನೊಬ್ಬ. ಮೊದಲ ಗಂಡ ಅಲ್ಲಿರಲಿಲ್ಲ, ಆತನನ್ನು ಯಾರೂ ಏನೂ ಕೇಳಲಿಲ್ಲ.

'ಹೊರಗ ಕುಂತಾನಲ್ಲ, ಅಂವ ನಿನ್ನ ಗಂಡ ಹೌದೋ ಅಲ್ಲೋ?' ಎಂದ ಉಪದೇಶಿ.

ಅವ್ವ ನನ್ನ ಕಡೆ ನೋಡಿದಳು, ಬಾಗಿಲ ಕಡೆ ನೋಡಿದಳು. 'ಅಲ್ರಿ' ಎಂದಳು. ಹಾಸಿಗೆಯ ಪಕ್ಕದಲ್ಲಿದ್ದ ನನಗಷ್ಟೇ ಕೇಳಿಸಿತು.

'ಗಟ್ಟಿಯಾಗಿ ಹೇಳು. ಎಲ್ಲಾರಿಗೂ ಕೇಳಸಬೇಕು.'

'ಅಲ್ರೀ.'

ಹೊರಗಿನಿಂದ ಅಪ್ಪನ ದನಿ ಬಂತು. 'ಕೇಳಿಸ್ತ್ರೀ ಸ್ವಾಮಿ.'

ಪ್ರಸಾದವಾಯಿತು. ಅಷ್ಟು ವರ್ಷ ಹಸಿದ ನಾಲಿಗೆ ಅದನ್ನು ಹೇಗೆ ನುಂಗಿತೋ ಆಕೆಗೇ ಗೊತ್ತು. ಮುಖ ತಿಳಿಯಾಯಿತು ಎಂದು ನೋಡಿದವರು ಹೇಳುತ್ತಾರೆ. ಹೌದು, ತಿಳಿಯಾಯಿತು, ನಾನು ಸುಳ್ಳು ಹೇಳುವುದಿಲ್ಲ. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು ನನ್ನನ್ನು ಕರೆದಳು. 'ನಿಮ್ಮಪ್ಪ ಬಿಸಲಾಗ ಕುಂತಾರ. ಒಳಗ ಕರಿ. ಮುಂಜಾನಿಂದ ಏನೂ ಉಂಡಿಲ್ಲ.'

ಸ್ವಾಮಿಗಳು ಏನೆಂದಳು ಎಂದು ಕೇಳಿದರು. ಉಪದೇಶಿ ಒಂದು ಗಳಿಗೆ ನನ್ನ ಮುಖ ನೋಡಿದ. ದೇವರಿಗೆ ಸ್ತೋತ್ರ ಮಾಡುತ್ತಿದ್ದಾಳೆ ಎಂದು ದಾಟಿಸಿದ. ಆತ ಹೇಳಿದ ಸುಳ್ಳುಗಳಲ್ಲಿ ಅದೊಂದನ್ನು ನಾನು ಕ್ಷಮಿಸಿದ್ದೇನೆ.

ಅವರು ಹೋದ ಮೇಲೆ ನಾನು ಅಪ್ಪನನ್ನು ಕರೆದೆ. ಬರಲಿಲ್ಲ. 'ಬ್ಯಾಡವಾ. ನಾ ಒಳಗ ಬಂದ್ರ ಆಕಿ ಬಾಯಾಗಿನ ಪ್ರಸಾದ ಸುಳ್ಳಾಗ್ತದ' ಎಂದ. ಅಲ್ಲೇ ಹೊರಗೆ ರೊಟ್ಟಿ ತಿಂದ, ಅಲ್ಲೇ ಮಲಗಿದ. ಅವ್ವ ಆಗಾಗ ಹೊರಳಿ ಬಾಗಿಲು ನೋಡುತ್ತಿದ್ದಳು. ಮರುದಿನ ಮಧ್ಯಾಹ್ನ ಹೋದಳು. ಹೋದಳು ಎಂದು ನಾನು ಕೂಗಿದ ಮೇಲೆ ಅಪ್ಪ ಹೊಸ್ತಿಲು ದಾಟಿದ. ನನಗೆ ಅವ್ವನ ಮೇಲೂ ಸಿಟ್ಟಿದೆ. ಒಂದು ತುಣುಕು ಪ್ರಸಾದಕ್ಕೆ ಅಂಥ ಮನುಷ್ಯನನ್ನು ಹೊರಗೆ ಕೂರಿಸಿದಳಲ್ಲ ಎಂದು. ಆಮೇಲೆ ಆಕೆ ಬಾಗಿಲು ನೋಡಿದ್ದು ನೆನಪಾಗುತ್ತದೆ, ಸಿಟ್ಟು ಎಲ್ಲಿ ಇಡಬೇಕೋ ತಿಳಿಯುವುದಿಲ್ಲ.

ಚರ್ಚಿನ ಮಡಿಲಿಗೆ ಮರಳಿದವಳೆಂದು ಕಲಬುರಗಿಯಲ್ಲಿ ಚರ್ಚಿನ ಸಮಾಧಿ ಜಾಗದಲ್ಲೇ ಮಣ್ಣಾಯಿತು. ನಮ್ಮಲ್ಲಿ ಮೊದಲ ಹಿಡಿ ಮಣ್ಣು ಗಂಡನದು. ಅಪ್ಪ ಒಂದು ಹೆಜ್ಜೆ ಮುಂದಿಟ್ಟ. ಉಪದೇಶಿ ಕೈ ಅಡ್ಡ ಹಿಡಿದ. 'ನೀ ತಡಿಯಪ್ಪ. ಆಕಿನ ಹೇಳ್ಯಾಳಲ್ಲ' ಎಂದು ಮೆಲ್ಲಗೆ ಅಂದ. ಹಾಗಾದರೆ ಯಾರು? ಮಂದಿ ಮುಖ ಮುಖ ನೋಡಿಕೊಂಡರು. ಚರ್ಚಿನ ಹಿರಿಯರೆಂದು ಗಾರ್ಡ್ ಸಾಹೇಬರು ಮುಂದೆ ಬಂದರು, ಬೂಟಿಗೆ ಕೆಸರು ಹತ್ತದ ಹಾಗೆ ಕಾಲು ನೋಡಿಕೊಂಡು ಬಂದು, ಮೊದಲ ಹಿಡಿ ಮಣ್ಣು ಹಾಕಿದರು. ಪಡಸಾಲೆಯ ಶೂರರು ಒಬ್ಬರೂ ಉಸಿರೆತ್ತಲಿಲ್ಲ. ಸೂಲಗಿತ್ತಿ ಮುದುಕಿ ಆ ಹೊತ್ತಿಗೆ ಸತ್ತುಹೋಗಿದ್ದಳು. ಎಲ್ಲರ ನಂತರ, ಟಾಂಗಾದವನ ನಂತರ, ಅಪ್ಪನ ಪಾಳಿ ಬಂತು.

ತಿಂಗಳಾದ ಮೇಲೆ ಗೋರಿಗೆ ಕಟ್ಟಿಗೆಯ ಶಿಲುಬೆ ನಿಂತಿದೆ ಎಂದು ಕೇಳಿ ನಾನೂ ಅಪ್ಪನೂ ಹೋದೆವು. ಉಪದೇಶಿಯೇ ಅಕ್ಷರ ಬರೆದಿದ್ದ. ಮೇಲೆ ಅವ್ವನ ಹೆಸರು. ಕೆಳಗೆ, ಇಂಥವನ ಧರ್ಮಪತ್ನಿ ಎಂದು ಸೊಲ್ಲಾಪುರದವನ ಹೆಸರು. ಚರ್ಚಿನ ಪ್ರಕಾರ ಅದು ಸರಿ. ಅಪ್ಪನಿಗೆ ಓದು ಬರುತ್ತಿರಲಿಲ್ಲ. ನನಗೆ ಅಕ್ಷರ ಕಲಿಸಿದ್ದು ಚರ್ಚಿನ ಶಾಲೆ, ಕಲಿಸಲು ಕಳಿಸಿದ್ದು ಆತ.

'ಏನ ಬರದಾರವಾ?' ಎಂದು ಕೇಳಿದ.

'ಮ್ಯಾಲ ಅವ್ವನ ಹೆಸರದಪ್ಪ.'

'ಕೆಳಗ?'

'ಕೆಳಗ ನಿಂದು. ನಿನ್ನ ಹೆಣ್ತಿ ಅಂತ ಬರದಾರ.'

ಆತ ಬಗ್ಗಿ ಆ ಕೆಳಗಿನ ಸಾಲಿನ ಮೇಲೆ ಬೆರಳಾಡಿಸಿದ. 'ಸ್ವಾಮಿಗೋಳು ದೊಡ್ಡ ಮನಸಿನವ್ರು ನೋಡು. ಸುಮ್ ಸುಮ್ನ ಅಂದೀನಿ ನಾ ಅವ್ರಿಗೆ. ಕಡೀಕರ ಒಪ್ಪಿದ್ರು' ಎಂದ.

ನಾನು ಅದೆಷ್ಟೋ ಸಲ ಪಾಪನಿವೇದನೆಗೆ ಮೊಣಕಾಲೂರಿದ್ದೇನೆ. ಈ ಸುಳ್ಳನ್ನು ಪಾಪವೆಂದು ಅಲ್ಲಿ ಒಮ್ಮೆಯೂ ಹೇಳಿಲ್ಲ, ಹೇಳುವುದೂ ಇಲ್ಲ. ಪಡಸಾಲೆಯ ಮಂದಿಗೆ ನಿಜ ಗೊತ್ತಿತ್ತು. ಆತನಿಗೆ ಹೇಳದೆ ಸುಮ್ಮನಿದ್ದರು, ಅವರ ಮೌನ ಒಬ್ಬರಿಗಾದರೂ ಉಪಕಾರವಾದದ್ದು ಅದೊಂದೇ ಸಲ. ಅಪ್ಪ ಬದುಕಿರುವವರೆಗೂ ತಿಂಗಳಿಗೊಮ್ಮೆ ಕಮಲಾಪುರದಿಂದ ಬರುತ್ತಿದ್ದ, ಪೂಜೆ ಮುಗಿಯುವತನಕ ಏನೂ ತಿನ್ನದೆ ಇರುತ್ತಿದ್ದ, ಆಮೇಲೆ ಗೋರಿಯ ಹತ್ತಿರ ಹೋಗಿ ಆ ಕೆಳಗಿನ ಹೆಸರಿನ ಧೂಳನ್ನು ಧೋತರದ ಚುಂಗಿನಿಂದ ಒರೆಸುತ್ತಿದ್ದ.